ಲಟ್ಟಣಿಗೆಯ ಹಿಡಿ

ನನ್ನ ಮಗ ಬೀದರಿನ ಅಂಗಡಿಯಿಂದ ಪೆಟ್ರೋಲ್ ಹಾಕುವ ಚೈನ್‌ಸಾ ತಂದು ಅಂಗಳದಲ್ಲಿಟ್ಟಾಗ ನಮ್ಮ ಮನೆಯವರು, ಅಂದರೆ ಅವನ ಅಪ್ಪ, ಅದರ ಸುತ್ತ ಒಂದು ಸುತ್ತು ಹಾಕಿದರು. ಆ ಹೊತ್ತಿಗಾಗಲೇ ಅವರಿಗೆ ವಯಸ್ಸಾಗಿ ಕಣ್ಣು ಮಂಜಾಗಿತ್ತು. ಕಬ್ಬಿಣದ ಸಾಮಾನನ್ನು ಕೈಯಿಂದಲೇ ನೋಡುವ ರೂಢಿ ಮಾತ್ರ ಮೊದಲಿನದು. ಉದ್ದನೆಯ ಪಟ್ಟಿಯನ್ನು ಸವರಿದರು, ಅದರ ಮೇಲಿನ ಸರಪಳಿಯ ಹಲ್ಲುಗಳನ್ನು ಉಗುರಿನಿಂದ ಮುಟ್ಟಿ ನೋಡಿದರು. ಆಮೇಲೆ ಕೇಳಿದರು:

“ಇದಕ್ಕ ಇನ್ನೊಂದು ಹಿಡಿ ಎಲ್ಲದ?”

“ಇನ್ನೊಂದು ಇಲ್ಲಪಾ. ಇದು ಒಬ್ಬನೇ ನಡಸೋದು,” ಅಂದ ಮಗ.

“ಒಬ್ಬನೇ? ಹಂಗಾರ ಜಗಳ ಯಾರ ಜೋಡಿ ಆಡ್ತಿ?”

ಮಗ ಹೊಟ್ಟೆ ಹಿಡಿದು ನಕ್ಕ. ನಾನು ನಗಲಿಲ್ಲ. ನನ್ನ ಕಣ್ಣು ಆ ಪಟ್ಟಿಯ ಉದ್ದದ ಮೇಲಿತ್ತು. ಮಗ ಕೊಯ್ಯುವುದು ಜಾಲಿ, ಬೇವು; ಅಬ್ಬಬ್ಬಾ ಅಂದರೆ ತೊಡೆಗಾತ್ರದ ದಿಮ್ಮಿ. ಅದಕ್ಕೆ ಸಣ್ಣ ಪಟ್ಟಿಯ ಯಂತ್ರ ಸಾಕು. ಇವನು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಉದ್ದನೆಯದನ್ನು ಎತ್ತಿಕೊಂಡು ಬಂದಿದ್ದ. ಉದ್ದ ಇದ್ದಷ್ಟು ಭಾರ, ಭಾರ ಇದ್ದಷ್ಟು ಬೇಗ ತೋಳು ಸೋಲುತ್ತದೆ. ಸೋತ ತೋಳಿನಲ್ಲಿ ಪಟ್ಟಿಯ ಮೂತಿ ಯಾವುದಾದರೂ ಟೊಂಗೆಗೆ ತಗುಲಿದರೆ ಯಂತ್ರ ಜಿಗಿದು ಸೀದಾ ಮುಖಕ್ಕೆ ಬರುತ್ತದೆ. “ಇದನ್ನ ತಿರುಗಿ ಕೊಟ್ಟು ಸಣ್ಣದು ತಗೊಂಡ್ ಬಾ,” ಅಂದೆ.

“ನಿನಗೇನು ತಿಳೀತದವ್ವಾ ಇದರಾಗ?” ಅಂದ.

ಕೇಳಿದಿರಾ ಮಾತು! ನನಗೇನು ತಿಳಿಯುತ್ತದಂತೆ. ಅವನು ಹುಟ್ಟುವ ಮೊದಲೇ ಈ ಕೈಯಿಂದ ನಾನು ಭಾತಂಬ್ರಾದ ಹುಣಸೆಮರ ಕೆಡವಿದವಳು. ಅವನಿಗೆ ಅಂದು ಬೈದದ್ದಕ್ಕಿಂತ ಹೆಚ್ಚಿನದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಂತ್ರವನ್ನು ಮಾತ್ರ ಅವನು ಮರುವಾರ ಬದಲಾಯಿಸಿಕೊಂಡು ಬಂದ.

ನಾನು ಬೆಳೆದದ್ದು ಬೀದರಿನ ಮಿಷನ್ ಬೋರ್ಡಿಂಗಿನಲ್ಲಿ. ಸಾಲಾಗಿ ಹಾಸಿದ ಹಾಸಿಗೆಗಳು, ಯಾರು ಬೇಕಾದರೂ ಯಾವಾಗ ಬೇಕಾದರೂ ತೆರೆಯಬಹುದಾದ ಬಾಗಿಲು. ಓದು ಬರಹ ಅಲ್ಲೇ ಕಲಿತೆ, ಬಾಯಿ ಮಾತ್ರ ಹುಟ್ಟಿನಿಂದ ಬಂದದ್ದು. ಮದುವೆಯಾಗಿ ಭಾಲ್ಕಿಗೆ ಬಂದಾಗ ಊರ ಅಂಚಿನಲ್ಲಿ ನಮಗೆ ಒಂದು ಕೋಣೆ, ಒಂದು ಪಡಸಾಲೆ. ಹಿಂದಿನ ಗೋಡೆಯನ್ನು ನಾನೇ ಮಣ್ಣು ತುಳಿದು ಎತ್ತಿದೆ. ಆ ಮನೆಯ ಬಾಗಿಲಿಗೆ ಒಳಗಡೆ ಒಂದು ಮರದ ಅಗಳಿ ಇತ್ತು. ಸಂಜೆ ಅದನ್ನು ಸರಿಸಿ ಹಾಕಿದಾಗ ಆಗುವ ಆ ಟಕ್ಕೆಂಬ ಸದ್ದು ನನಗೆ ಎಷ್ಟು ಹಿತವಾಗುತ್ತಿತ್ತೆಂದರೆ, ಹೊಸದರಲ್ಲಿ ಸುಮ್ಮನೆ ತೆಗೆದು ಇನ್ನೊಮ್ಮೆ ಹಾಕುತ್ತಿದ್ದೆ. “ನಿನಗ ಹುಚ್ಚು ಹಿಡದದೇನು?” ಅನ್ನುತ್ತಿದ್ದರು ನಮ್ಮವರು. ಹಿಡಿದಿತ್ತು ಅಂತಲೇ ಇಟ್ಟುಕೊಳ್ಳಿ.

ಅವರು ಮರ ಕೆಡವಿ ದಿಮ್ಮಿ ಕೊಯ್ಯುವ ಕೆಲಸದವರು. ಅವರಿಗೊಬ್ಬರು ಜೋಡಿ ಇದ್ದರು, ಉದಗೀರ ಕಡೆಯ ಹಳ್ಳಿಯವರು, ಆಲದ ಮರದಂಥ ಆಳು. ಇಬ್ಬರೂ ಕೂಡಿ ಔರಾದ, ಠಾಣಾ ಕುಶನೂರ, ಉದಗೀರ ಅಂತ ತಿರುಗುತ್ತಿದ್ದರು. ಅವರದು ಎರಡು ಕೈಯ ಗರಗಸ. ಅಂದರೆ ಉದ್ದನೆಯ ಒಂದು ಅಲಗು, ಎರಡೂ ತುದಿಗೆ ಒಂದೊಂದು ಕಬ್ಬಿಣದ ಬಳೆ, ಆ ಬಳೆಯಲ್ಲಿ ಸಿಕ್ಕಿಸುವ ಒಂದೊಂದು ಮರದ ಹಿಡಿ. ನಮ್ಮ ಕಡೆಯ ಜೋಡಿಗಳಲ್ಲಿ ಒಂದು ಪದ್ಧತಿ ಇತ್ತು. ದಿನದ ಕೆಲಸ ಮುಗಿದ ಮೇಲೆ ಅಲಗು ಒಬ್ಬರ ಮನೆಯಲ್ಲಿ ಉಳಿಯುತ್ತದೆ, ಹಿಡಿಯನ್ನು ಮಾತ್ರ ಅವರವರು ಬಿಚ್ಚಿಕೊಂಡು ಹೋಗುತ್ತಾರೆ. ಒಬ್ಬನನ್ನು ಬಿಟ್ಟು ಇನ್ನೊಬ್ಬ ಬೇರೆಯವರನ್ನು ಕರೆದುಕೊಂಡು ಕೆಲಸಕ್ಕೆ ಹೋಗಬಾರದು ಅಂತ ಈ ಏರ್ಪಾಡು. ಜೋಡಿ ಮುರಿದರೆ, ಬಿಟ್ಟು ಹೋಗುವವನು ತನ್ನ ಹಿಡಿ ಒಯ್ಯುತ್ತಾನೆ, ಅಲಗು ಉಳಿದವನಿಗೆ. ಗಂಡ ಹೆಂಡಿರ ನಡುವೆಯೂ ಇಷ್ಟು ಕಟ್ಟುನಿಟ್ಟು ಇರಲಿಲ್ಲ.

ಆಮೇಲೆ ನಮ್ಮ ಬೀದರ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಪೇಟೆಯಲ್ಲಿ ಬತ್ತಾಸು ಹಂಚಿದರು, ಕಚೇರಿಯ ಬೋರ್ಡು ಬದಲಾಯಿತು, ನಮ್ಮ ಮಾತಿಗೆ ಮುಖ ಮುಖ ನೋಡುವ ಹೊಸ ಸಾಹೇಬರು ಬಂದರು. ಮೊನ್ನೆ ಮೊನ್ನೆಯವರೆಗೆ ನಮ್ಮ ಜಿಲ್ಲೆಯದೇ ಆಗಿದ್ದ ಉದಗೀರ ಮುಂಬಯಿ ರಾಜ್ಯಕ್ಕೆ ಹೋಯಿತು. ಮನುಷ್ಯರು ಆ ಕಡೆ ಈ ಕಡೆ ಹೋಗಲು ಯಾರ ಅಡ್ಡಿಯೂ ಇರಲಿಲ್ಲ. ಕೊಯ್ದ ದಿಮ್ಮಿ ಗಾಡಿಯಲ್ಲಿ ಗಡಿ ದಾಟಬೇಕೆಂದರೆ ಮಾತ್ರ ಎರಡೂ ಕಡೆಯವರ ಕಾಲು ಹಿಡಿಯಬೇಕು. ಜೋಡಿಯವರಿಗೆ ಬೇಸರ ಬಂತು. ಉದಗೀರದಲ್ಲಿ ಯಂತ್ರದ ಗರಗಸ ಕೂಡಿಸಿದ್ದ ಒಂದು ಕಟ್ಟಿಗೆ ಅಡ್ಡೆಯಲ್ಲಿ ಕೂಲಿಗೆ ಸೇರಿಕೊಂಡರು. ಒಂದು ದಿನ ಬಂದು, ಚಹಾ ಕುಡಿದು, ಬಳೆಯಿಂದ ತಮ್ಮ ಹಿಡಿಯನ್ನು ಎಳೆದುಕೊಂಡು ಹೋದರು. “ನೀನೂ ಬಂದು ಬಿಡು. ಸೇಠಗೆ ಹೇಳಿ ಜಾಗ ಮಾಡಸ್ತೇನಿ,” ಅಂತ ಬಾಗಿಲಲ್ಲಿ ನಿಂತು ಹೇಳಿದರು.

ನಮ್ಮವರು ಅವರ ಮಾತನ್ನು ಎಂದೂ ತೆಗೆದುಹಾಕಿದವರಲ್ಲ. ಅಡ್ಡೆಯ ಹಿಂದೆ ಕೂಲಿಯವರಿಗೆ ಕಟ್ಟಿಕೊಟ್ಟ ತಗಡಿನ ಸಾಲು ಇದೆಯೆಂದು ಕೇಳಿದ್ದೆ, ಬಾಗಿಲಿಗೆ ಗೋಣಿತಟ್ಟಿನ ಪರದೆ. ಇನ್ನೊಮ್ಮೆ ಬೋರ್ಡಿಂಗಿಗೆ ಹೋಗುವುದೆಂದರೆ ಇದೇ ತಾನೆ? “ನಾ ಬರಲ್ಲ,” ಅಂದೆ.

“ಜೋಡಿ ಇಲ್ಲದ ನಾ ಇಲ್ಲಿ ಏನು ಕೊಯ್ಲಿ, ನಿನ್ನ ನಾಲಿಗಿ?” ಅಂದರು.

ಅದೇ ಹೊತ್ತಿಗೆ ಭಾತಂಬ್ರಾದ ಒಬ್ಬ ಹೊಲದ ಯಜಮಾನರು ಹೇಳಿಕಳಿಸಿದರು. ಅವರ ಬಾವಿಯ ಪಕ್ಕದ ಹುಣಸೆಮರದ ಬೇರು ಒಳಗಿನ ಕಲ್ಲುಗಳನ್ನು ನೂಕುತ್ತಿತ್ತು. ಮಳೆಗಾಲದ ಮೊದಲು ಮರ ಬೀಳಬೇಕು, ಬಾವಿಗೆ ಏಟಾಗಬಾರದು. ನಮ್ಮವರು ಹ್ಞೂಂ ಅಂದುಬಿಟ್ಟರು. ಮನೆಗೆ ಬಂದು ನನಗೆ ಹೇಳಿದರು: “ಇದು ಬಿತ್ತಂದ್ರ ನಾವು ಇಲ್ಲೇ ಬದುಕಬಹುದು. ಇಂಥಾದ್ದು ಕೆಡವಿದವರಿಗಿ ಯಾರೂ ಕೆಲಸ ಇಲ್ಲ ಅನ್ನಲ್ಲ. ಬೀಳಲಿಲ್ಲಂದ್ರ ಸಾಮಾನು ಕಟ್ಟು. ಸುಮ್ಮ ಬಾಯಿ ಮಾಡಬ್ಯಾಡ.” ನಾನು ಒಪ್ಪಿದೆ. ನನ್ನ ಮನೆ ಆ ಹುಣಸೆಮರದ ಮೇಲೆ ನಿಂತಿತು.

ಹಳೆಯ ಅಲಗು ಅರ ಹಾಕಿ ಹಾಕಿ ಸವೆದಿತ್ತು, ಅಷ್ಟು ದಪ್ಪ ಕಾಂಡಕ್ಕೆ ಗಿಡ್ಡವೂ ಆಗುತ್ತಿತ್ತು. ಹೊಸದು ತರಲು ರೈಲು ಹತ್ತಿ ಬೀದರಿಗೆ ಹೋದೆವು. ನಾನು ಯಾಕೆ ಹೋದೆ ಅಂದರೆ, ಬಿಟ್ಟರೆ ಇವರು ಅಲ್ಲಿಂದ ಹಾಗೇ ಉದಗೀರದ ಗಾಡಿ ಹತ್ತಿಬಿಟ್ಟಾರು ಅಂತ. ಚೌಬಾರಾದ ಹತ್ತಿರದ ಅಂಗಡಿಯಲ್ಲಿ ಅಲಗುಗಳನ್ನು ಗೋಡೆಗೆ ಒರಗಿಸಿದ್ದರು. ಇವರು ಒಂದೊಂದನ್ನೇ ಎತ್ತಿ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೆ ಹಿಡಿದರು. ನಾದ ಉದ್ದಕ್ಕೆ ಉಳಿಯಬೇಕು, ಒಡಕು ಗಡಿಗೆಯ ಹಾಗೆ ಸಪ್ಪಗಾಗಬಾರದು. ಆಮೇಲೆ ಬಿಲ್ಲಿನಂತೆ ಬಗ್ಗಿಸಿ ಬಿಟ್ಟು, ಬೆಳಕಿಗೆ ಹಿಡಿದು ಸೊಟ್ಟ ಉಳಿದಿದೆಯೋ ಅಂತ ನೋಡಿದರು. ಹಲ್ಲಿನ ಕಡೆಗಿಂತ ಬೆನ್ನಿನ ಕಡೆ ತೆಳುವಾಗಿದ್ದರೆ ಮರದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಹಸಿ ಮರಕ್ಕೆ ಹಲ್ಲುಗಳ ಸಂದು ಆಳವಾಗಿರಬೇಕು, ಇಲ್ಲದಿದ್ದರೆ ಹೊಟ್ಟು ಹೊರಗೆ ಬರಲು ದಾರಿ ಇರುವುದಿಲ್ಲ. ಅಂಗಡಿಯ ಸಾಹೇಬರು ಬೇಸರಪಡದೆ ನೋಡುತ್ತಿದ್ದರು. “ಪಸಂದ ಮಾಡ್ರಿ, ಆರಾಮಾಗಿ ನೋಡ್ರಿ,” ಅಂದರು.

ಕೊನೆಗೆ ಎರಡು ಉಳಿದವು. ಎರಡೂ ಒಳ್ಳೆಯವೇ, ಎರಡೂ ಆ ಕಾಂಡಕ್ಕೆ ಸಾಲುವಂಥವು. ಒಂದು ಇನ್ನೊಂದಕ್ಕಿಂತ ಮೊಳದಷ್ಟು ಉದ್ದ, ಭಾರ. ಇವರು ಉದ್ದನೆಯದನ್ನು ಎತ್ತಿಕೊಂಡರು.

“ಇಷ್ಟು ಉದ್ದ ಯಾಕ್ರಿ?” ಅಂದೆ.

“ಜೋಡಿಗ ಇದೇ ಸರಿ. ಅವನ ತೋಳು ಉದ್ದ.”

“ಜೋಡಿ ಎಲ್ಲಿ ಅದಾರ?”

ಇವರು ದುಡ್ಡಿನ ಚೀಲ ಬಿಚ್ಚಿದರು. ಗಡಿಯ ಆಚೆ ಹೋದ ಮನುಷ್ಯನ ತೋಳಿನ ಅಳತೆಗೆ ಇಲ್ಲಿ ಗರಗಸ ಕೊಳ್ಳುತ್ತಿದ್ದರು! ಅಂಗಡಿಯೊಳಗೇ ನನಗೂ ಇವರಿಗೂ ಜಗಳ ಹತ್ತಿಕೊಂಡಿತು. ಭಾಲ್ಕಿ ಬರುವ ತನಕ ರೈಲಿನಲ್ಲಿ ಅವರೊಂದು ಕಿಟಕಿ, ನಾನೊಂದು ಕಿಟಕಿ, ನಡುವೆ ಗೋಣಿಯಲ್ಲಿ ಸುತ್ತಿದ ಅಲಗು.

ಉದಗೀರಕ್ಕೆ ಹೇಳಿಕಳಿಸಿದರು. ಬರುತ್ತೇನೆ ಅಂತ ಉತ್ತರ ಬಂತು, ಮನುಷ್ಯ ಬರಲಿಲ್ಲ. ಮೋಡ ಕಟ್ಟತೊಡಗಿತು. ಮೆಹಕರದಿಂದ ಒಬ್ಬ ಗಟ್ಟಿ ಆಳನ್ನು ಕರೆಸಿ ಅಂಗಳದಲ್ಲಿ ಜಾಲಿ ದಿಮ್ಮಿಯ ಮೇಲೆ ಕೈ ನೋಡಿದರು. ಅವನು ಕೈಯಲ್ಲಿದ್ದ ತನ್ನ ಬಡಿಗೆಯನ್ನೇ ಬಳೆಗೆ ಸಿಕ್ಕಿಸಿ ಎಳೆದ, ಆಮೇಲೆ ದೂಡಿದ. ಅಲಗು ನಡುವೆ ಹಾವಿನಂತೆ ಡೊಂಕಾಗಿ ಠಂಗ್ ಅಂದಿತು. ಎರಡು ಕೈಯ ಗರಗಸವನ್ನು ಎಳೆಯಬೇಕು, ದೂಡಬಾರದು. ತನ್ನ ಸರದಿ ಮುಗಿದ ಮೇಲೆ ಕೈ ಸಡಿಲ ಬಿಟ್ಟು ಅದನ್ನು ಆಚೆಯವನಿಗೆ ಒಪ್ಪಿಸಬೇಕು. ಎಷ್ಟು ಹೇಳಿದರೂ ಅವನು ಬಿಡಲಿಲ್ಲ, ಶಕ್ತಿ ಇದೆಯಲ್ಲ, ದೂಡಿದ. ಇವರು ಅವನಿಗೆ ಊಟ ಹಾಕಿಸಿ ಕಳಿಸಿಬಿಟ್ಟರು. ಆಮೇಲೆ ಪಡಸಾಲೆಯಲ್ಲಿ ಕೂತು, “ಸಾಮಾನು ಕಟ್ಟು,” ಅಂದರು.

ನಾನು ಚಪಾತಿ ಲಟ್ಟಿಸುತ್ತಿದ್ದೆ. ಲಟ್ಟಣಿಗೆ ಹಿಡಿದುಕೊಂಡೇ ಎದ್ದು ಹೋದೆ, ಹಿಟ್ಟು ಕೂಡ ಒರೆಸಲಿಲ್ಲ, ಅಲಗಿನ ಆ ತುದಿಯ ಖಾಲಿ ಬಳೆಯಲ್ಲಿ ಅದನ್ನು ತುರುಕಿ ಎರಡೂ ಕೈಯಲ್ಲಿ ಹಿಡಿದು ನಿಂತೆ. “ಏಳ್ರಿ,” ಅಂದೆ.

“ಹೆಣ್ಣಮಕ್ಕಳು ಕರಗಸ ಹಿಡೀತಾರೇನು? ಮಂದಿ ನಗ್ತಾರ.”

“ಮಂದಿ ಬಂದು ನನ್ನ ಸಾಮಾನು ಕಟ್ತಾರೇನು? ಏಳ್ರಿ.”

ಅವರು ಎದ್ದದ್ದು ನನ್ನ ಮೇಲಿನ ಸಿಟ್ಟಿಗೆ. ದಣಿದು ತಾನೇ ಬಿಡುತ್ತಾಳೆ ಅಂತ. ನಾನೂ ದೂಡಿದೆ. ದೂಡದೆ ಇರುವುದು ನನ್ನ ಜಾಯಮಾನದಲ್ಲೇ ಇಲ್ಲ, ಎದುರಿನವರು ಎಳೆಯುತ್ತಿದ್ದರೆ ಸ್ವಲ್ಪ ನೂಕಿಕೊಟ್ಟರೆ ಉಪಕಾರವೇ ಆಗುತ್ತದಲ್ಲ ಅನ್ನಿಸುತ್ತದೆ. ಅಲಗು ಡೊಂಕಾಯಿತು. “ನನಗ ಉಪಕಾರ ಮಾಡಬ್ಯಾಡ,” ಅಂತ ಕೂಗಿದರು. “ನಿನ್ನ ಪಾಲಿಂದು ಎಳಿ. ನಂದು ನನಗ ಬಿಡು.” ಮಾತಾಡಿದರೆ ಉಸಿರಿನ ಲೆಕ್ಕ ತಪ್ಪುತ್ತಿತ್ತು, ಹಾಗಾಗಿ ಬಾಯಿಯನ್ನೂ ಮುಚ್ಚಬೇಕಾಯಿತು. ನನಗೆ ಅದೇ ಎಲ್ಲಕ್ಕಿಂತ ಕಷ್ಟವಾದದ್ದು. ಸಂಜೆಯ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದ್ದವು, ದಿಮ್ಮಿ ಎರಡು ತುಂಡಾಗಿತ್ತು. ಉದ್ದನೆಯ ಅಲಗಿಗೆ ನನ್ನ ತೋಳು ಸಾಲುತ್ತಿರಲಿಲ್ಲ. ಇವರು ತಮ್ಮ ಎಳೆತವನ್ನು ಗಿಡ್ಡ ಮಾಡಿಕೊಂಡರು. ಅದನ್ನು ನಾನು ಗಮನಿಸಿದೆ.

ಭಾತಂಬ್ರಾದಲ್ಲಿ ಮಂದಿ ನಕ್ಕರು, ಸುಳ್ಳು ಯಾಕೆ ಹೇಳಲಿ. ನಾನು ಸೀರೆಯ ಕಚ್ಚೆ ಹಾಕಿದ್ದೆ. ಮರ ಬಾವಿಯ ಕಡೆಗೆ ತುಸು ವಾಲಿತ್ತು, ಬೀಳಬೇಕಾದದ್ದು ಎದುರಿನ ಹೊಲಕ್ಕೆ. ಇವರು ಹೊಲದ ಕಡೆ ಕೊಡಲಿಯಿಂದ ಕಾಂಡದಲ್ಲಿ ಬಾಯಿ ತೆಗೆದರು. ಇಬ್ಬರೂ ಬಾವಿಯ ಕಡೆಯಿಂದ ಗರಗಸ ಇಟ್ಟೆವು. ಪೂರ್ತಿ ಕೊಯ್ಯಬಾರದು, ನಡುವೆ ನಾಲ್ಕು ಬೆರಳು ಬಿಡಬೇಕು. ಬಾಗಿಲು ತಿರುಗಣಿಯ ಮೇಲೆ ತಿರುಗುವ ಹಾಗೆ ಮರ ಆ ಪಟ್ಟಿಯ ಮೇಲೆ ತಿರುಗಿ ಹೊಲಕ್ಕೆ ಮಲಗಬೇಕು. ಬಿದ್ದಾಗ ಓಡುವ ದಾರಿಯ ಕಲ್ಲು ಮುಳ್ಳುಗಳನ್ನು ಮೊದಲೇ ತೆಗೆಸಿದ್ದರು.

ಹುಣಸೆ ಅಂದರೆ ಕಲ್ಲು. ಅಲಗಿಗೆ ಸೀಮೆಎಣ್ಣೆ ಸವರುತ್ತಾ ಎಳೆದೆವು. ಅರ್ಧಕ್ಕೆ ಬಂದಾಗ ಮರ ತಾನು ವಾಲಿದ ಕಡೆಗೇ ಹಿಂದಕ್ಕೆ ಕೂತು ಅಲಗನ್ನು ಕಚ್ಚಿ ಹಿಡಿಯಿತು. ಇವರು ಹಿಂದಿನ ಸೀಳಿನಲ್ಲಿ ಬೆಣೆ ಬಡಿದರು, ಅಲಗು ಬಿಟ್ಟಿತು, ಇನ್ನಷ್ಟು ಎಳೆದೆವು, ಇನ್ನಷ್ಟು ಬೆಣೆ. ನಗುತ್ತಿದ್ದ ಮಂದಿ ಯಾವಾಗ ಸುಮ್ಮನಾದರೋ ತಿಳಿಯಲಿಲ್ಲ. ಒಮ್ಮೆ ಕಾಂಡದ ಹೊಟ್ಟೆಯೊಳಗೆ ಲಟಕ್ಕೆಂದಿತು.

“ಹಿಡಿ ಬಿಚ್ಚು!” ಅಂದರು.

ಬೆಣೆಗಳು ಇರುವಾಗ ಅಲಗನ್ನು ಹಿಂದಕ್ಕೆ ತೆಗೆಯಲಾಗದು. ಒಂದು ತುದಿಯ ಹಿಡಿ ಬಿಚ್ಚಿ, ಇನ್ನೊಂದು ತುದಿಯವರು ಅಲಗನ್ನು ಉದ್ದಕ್ಕೆ ಎಳೆದುಕೊಂಡು ಓಡಬೇಕು. ನಾನು ಲಟ್ಟಣಿಗೆ ಎಳೆದೆ. ಬರಲಿಲ್ಲ. ಬೆವರು ಕುಡಿದು ಉಬ್ಬಿ ಬಳೆಯಲ್ಲಿ ಕೂತುಬಿಟ್ಟಿತ್ತು. ಮೇಲೆ ಎಲೆಗಳು ನಡುಗುತ್ತಿದ್ದವು. “ಬಿಟ್ಟು ಓಡ್ರಿ,” ಅಂದೆ. ಅವರು ಆ ತುದಿಯಲ್ಲಿ ತಮ್ಮ ಹಿಡಿಯ ಮೇಲೆ ಎರಡೂ ಕೈ ಇಟ್ಟು ನನ್ನನ್ನೇ ನೋಡುತ್ತಾ ನಿಂತಿದ್ದರು, ಒಂದು ಹೆಜ್ಜೆ ಅಲ್ಲಾಡಲಿಲ್ಲ. ಕಾಲ ಬಳಿ ಬಿದ್ದಿದ್ದ ಕಲ್ಲು ತೆಗೆದು ಲಟ್ಟಣಿಗೆಯ ಬುಡಕ್ಕೆ ಬಾರಿಸಿದೆ, ಅದು ಹಾರಿ ನನ್ನ ಮಡಿಲಿಗೇ ಬಿತ್ತು. ಅಲಗು ಸರ್ರನೆ ಆ ಕಡೆ ಹೋಯಿತು. ನಾನು ಓಡಿದೆ, ಅವರೂ ಓಡಿದರು. ನೆಲ ಒಮ್ಮೆ ಎದ್ದು ಕೂತಂತಾಯಿತು. ಧೂಳು ಇಳಿದಾಗ ಮರ ಹೊಲದಲ್ಲಿ ಉದ್ದಕ್ಕೆ ಮಲಗಿತ್ತು, ಬಾವಿಯ ಒಂದು ಕಲ್ಲೂ ಕದಲಿರಲಿಲ್ಲ.

ಯಜಮಾನರು ಶಹಬ್ಬಾಸ್ ಅನ್ನುತ್ತಿದ್ದರೆ ನಾನು ನೇರ ಇವರ ಬಳಿಗೆ ಹೋದೆ. “ಬುದ್ಧಿ ಎಲ್ಲಿಟ್ಟಿದ್ರಿ? ಓಡಂದ್ರ ಕೇಳಸಲಿಲ್ಲೇನು? ನಿಮಗೇನರ ಆಗಿದ್ರ?” ಅಂದೆ. ಹೇಳುತ್ತಾ ಹೇಳುತ್ತಾ ಅಳು ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

“ಅಲಗು ಹೊಸಾದು,” ಅಂದರು.

ಮನೆಗೆ ಬಂದ ಮೇಲೆ ಪದ್ಧತಿಯಂತೆ ಅವರು ತಮ್ಮ ಹಿಡಿಯನ್ನು ಬಿಚ್ಚಿ ಹುರಿ ಕಟ್ಟಿ ಮೊಳೆಗೆ ತೂಗುಹಾಕಿದರು. ಲಟ್ಟಣಿಗೆ ನನ್ನ ಕೈಯಲ್ಲೇ ಇತ್ತು. ಇದನ್ನು ಎಲ್ಲಿಡಲಿ? ಅಡಿಗೆಮನೆಗೆ ಒಯ್ದರೆ ಇಂದಿನದು ಇಂದಿಗೇ ಮುಗಿದ ಹಾಗೆ. ಮೊಳೆಗೆ ತೂಗುಹಾಕಲು, ನಿನ್ನದು ಅಂತ ಯಾರೂ ಹೇಳಿಲ್ಲ. ಮರ ಬಿದ್ದರೆ ಇಲ್ಲೇ ಇರೋಣ ಅಂದವರು ಬಿದ್ದ ಮೇಲೆ ಆ ಮಾತೇ ಎತ್ತಿರಲಿಲ್ಲ. ಕೇಳಲು ನನಗೆ ಹೆದರಿಕೆ. ಹೊಸ್ತಿಲ ಮೇಲೆ ಇಟ್ಟು ಹಿಟ್ಟು ಕಲಸಲು ಕೂತೆ.

ಅಷ್ಟರಲ್ಲಿ, ನೋಡಿ ಗ್ರಹಚಾರ, ಸಂಜೆಯ ಗಾಡಿಗೆ ಜೋಡಿಯವರು ಬಂದರು! ಕೆಲಸದಿಂದ ಬಿಡುವು ಅಂದೇ ಸಿಕ್ಕಿತಂತೆ. ಚೀಲದಲ್ಲಿ ಅವರ ಹಿಡಿ ಇತ್ತು. ಇಬ್ಬರೂ ತಬ್ಬಿಕೊಂಡರು. ನಮ್ಮವರು ಬಾಗಿಲಲ್ಲಿ ಕೂತು ಹೊಲದಿಂದ ತಂದ ಹುಣಸೆ ಟೊಂಗೆಯೊಂದನ್ನು ಬಾಚಿಯಿಂದ ಕೆತ್ತುತ್ತಿದ್ದರು. ನಾನು ಒಳಗಿಂದ ಒಂದೊಂದು ಮಾತನ್ನೂ ಕೇಳುತ್ತಿದ್ದೆ.

“ಸೇಠ ನಿನಗೂ ಜಾಗ ಇಟ್ಟಾನ. ನಾಳಿ ಗಾಡಿಗೇ ಹೋಗೋಣು,” ಅಂದರು ಜೋಡಿ. “ಮುಂದ ನಮಗ ಎರಡು ಕೈ ಕೆಲಸ ಬಂದ್ರೂ ಆ ಕಡಿನೇ ಮಾಡೋಣು. ಇದೇನು, ಹಿಡಿ ಕೆತ್ತಲಾಕತ್ತಿ? ನಾ ನಂದು ತಂದೀನಿ, ನೋಡಿಲ್ಲಿ.”

“ಹಿಡಿ ಅಲ್ಲ,” ಅಂದರು ಇವರು.

“ಮತ್ತ?”

“ಲಟ್ಟಣಗಿ.”

“ಲಟ್ಟಣಗಿ ಯಾಕೋ?”

“ಮನ್ಯಾಗಿಂದು ಕರಗಸಕ್ಕ ಹೋಗ್ಯದ,” ಅಂದರು ನಮ್ಮವರು, ಕೆತ್ತುವುದನ್ನು ನಿಲ್ಲಿಸದೆ. “ಅದು ಇನ್ನ ಅಡಿಗಿಮನಿಗಿ ಬರಲ್ಲ. ಆಕಿಗಿ ಚಪಾತಿಗಿ ಒಂದು ಬೇಕಲ್ಲ.”

ಆಮೇಲೆ ಜೋಡಿಯವರು ತಮ್ಮ ಹಿಡಿಯನ್ನು ಚೀಲಕ್ಕೆ ಹಾಕಿಕೊಳ್ಳುವ ಸದ್ದು ಕೇಳಿಸಿತು. “ಹಂಗಾರ ನಾ ಒಬ್ಬನೇ ಹೋಗ್ತೇನಿ,” ಅಂದರು. ಅವರ ದನಿಯಲ್ಲಿ ನೋವಿತ್ತು, ಆದರೂ ನಕ್ಕರು. ನಾನು ಎದ್ದು, ಹೊಸ್ತಿಲ ಮೇಲಿನ ಹಳೆಯ ಲಟ್ಟಣಿಗೆಯನ್ನು ಒರೆಸಿ, ಹುರಿ ಕಟ್ಟಿ, ಅವರಿಬ್ಬರ ಎದುರಿಗೇ ನಮ್ಮವರ ಹಿಡಿಯ ಪಕ್ಕದ ಮೊಳೆಗೆ ತೂಗುಹಾಕಿದೆ.

ಅರ್ಧ ಕೆತ್ತಿದ ಹೊಸ ಲಟ್ಟಣಿಗೆಯಲ್ಲಿ ಮಾಡಿದ ಚಪಾತಿ ಅಂಚಿಗೆ ದಪ್ಪ, ನಡುವೆ ಹರಕು. ಇಬ್ಬರೂ ತಕರಾರಿಲ್ಲದೆ ಉಂಡರು. ಜೋಡಿಯವರು ಪಡಸಾಲೆಯಲ್ಲಿ ಮಲಗಿದರು. ನಾನು ಬೊಬ್ಬೆ ಒಡೆದ ಕೈಯಿಂದಲೇ ಅಗಳಿ ಸರಿಸಿ ಹಾಕಿದೆ. ತೆಗೆದು, ಇನ್ನೊಮ್ಮೆ ಹಾಕಿದೆ. ಅಂದು ನಮ್ಮವರು ಹುಚ್ಚು ಹಿಡಿದಿದೆಯೇನು ಅಂತ ಕೇಳಲಿಲ್ಲ.